ಕುಂಕುಮದ ಕೆಳಗಿನ ನಂಬರು

ನಮ್ಮ ಮನೆಯವರು ಸರಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಹಳೆಯ ಕಾರುಗಳ ಬೆನ್ನು ಹತ್ತಿದರು. ಕೊಳ್ಳುವುದಕ್ಕಲ್ಲ, ಗುರುತು ಹಿಡಿಯುವುದಕ್ಕೆ. ನಿಜಾಮರ ಕಾಲದಲ್ಲಿ ವಿಲಾಯತಿಯಿಂದ ಹಡಗಿನಲ್ಲಿ ಬಂದ ದೊಡ್ಡ ದೊಡ್ಡ ಕಾರುಗಳು ಈ ಊರಿನಲ್ಲಿ ಎಲ್ಲೆಲ್ಲಿ ಬಿದ್ದಿವೆ, ಯಾರ ಮನೆಯಿಂದ ಯಾರ ಮನೆಗೆ ಹೋದವು ಎಂದು ಹುಡುಕುವುದೇ ಅವರ ಗೀಳು. ರವಿವಾರ ಬೆಳಿಗ್ಗೆ ಅಬಿಡ್ಸಿನ ಫುಟ್‌ಪಾತಿನಲ್ಲಿ ಹಳೆಯ ಪುಸ್ತಕಗಳನ್ನು ಕೆದಕಿ ಬರುತ್ತಾರೆ. ಮಧ್ಯಾಹ್ನ ಅವರ ಗೆಳೆಯರೊಬ್ಬರು ಲಿಂಗಂಪಲ್ಲಿಯ ನಮ್ಮ ಮನೆಗೆ ಬರುತ್ತಾರೆ. ರಾಯಚೂರಿನಲ್ಲಿ ಹುಟ್ಟಿ ಇಲ್ಲಿ ಬೆಳೆದ ಇಂಜಿನಿಯರ್ ಅವರು. ನನ್ನನ್ನು ಭಾಬಿ ಎನ್ನುತ್ತಾರೆ. ಇಬ್ಬರೂ ಒಂದೇ ಫೋಟೋದಲ್ಲಿನ ಒಂದೇ ದೀಪವನ್ನು ನೋಡುತ್ತ ಸಂಜೆ ಮಾಡುತ್ತಾರೆ. ನನಗೇನೂ ಬೇಸರವಿಲ್ಲ. ನಿವೃತ್ತರಾದ ಗಂಡಸರು ಅಡುಗೆಮನೆಗೆ ಬಂದು ಡಬ್ಬಿಗಳ ಮುಚ್ಚಳ ತೆಗೆದು ನೋಡುವುದನ್ನು ಬೇರೆ ಮನೆಗಳಲ್ಲಿ ಕಂಡಿದ್ದೇನೆ. ನಮ್ಮವರ ಕೈಗೆ ದೇವರು ಬೇರೆ ಕೆಲಸ ಕೊಟ್ಟಿದ್ದಾನೆ. ದೀಪ ಹಚ್ಚುವಾಗ ಇದನ್ನೂ ಒಂದು ನೆನೆಯುತ್ತೇನೆ.

ಒಂದು ವರ್ಷ ದಸರೆಗೆ ಮುಂಚೆ ಸನತ್‌ನಗರದ ಒಂದು ತಗಡಿನ ಶೆಡ್ಡಿನಲ್ಲಿ ಅವರ ಕಣ್ಣಿಗೆ ಇಂಥದೊಂದು ಕಾರು ಬಿತ್ತು. ಶೆಡ್ಡು ಹಿಂದೆ ಲೇಥ್ ವರ್ಕ್‌ಶಾಪು. ನಡೆಸುತ್ತಿದ್ದ ಮಿಸ್ತ್ರಿ ತೀರಿಹೋಗಿದ್ದ. ಅವನ ಹೆಂಡತಿ, ಬೀದರ ಕಡೆಯಾಕೆ, ಪಕ್ಕದ ಕೋಣೆಯಲ್ಲಿದ್ದಳು. ಮಿಸ್ತ್ರಿಯ ತಮ್ಮ ಹಬ್ಬವಾದ ಮೇಲೆ ಶೆಡ್ಡು ಕೆಡವಿ ಮನೆ ಕಟ್ಟಿಸುವವನಿದ್ದ. ಕಾರನ್ನು ಕತ್ತರಿಸಿ ಒಯ್ಯಲು ಗುಜರಿಯವನಿಗೆ ಹೇಳಿಯೂ ಆಗಿತ್ತು. ಮಿಸ್ತ್ರಿ ಮಾತ್ರ ಬದುಕಿರುವವರೆಗೂ "ಇದು ನವಾಬರ ಗಾಡಿ" ಎಂದೇ ಹೇಳುತ್ತಿದ್ದನಂತೆ. ಕೇಳಿದವರೆಲ್ಲ ನಕ್ಕಿದ್ದರು.

ಖರೆಯೋ ಸುಳ್ಳೋ ಹೇಳುವುದು ಕಾರಿನ ನಂಬರು ಒಂದೇ. ಇಂಜಿನ್ನಿನ ಹತ್ತಿರ ಇರಬೇಕಾದ ಹಿತ್ತಾಳೆಯ ಪಟ್ಟಿ ಎಂದೋ ಕಳೆದುಹೋಗಿತ್ತು. ಆದರೆ ಅದೇ ನಂಬರನ್ನು ಮುಂದಿನ ಗಾಲಿಯ ಹತ್ತಿರ ಚಾಸಿಯ, ಅಂದರೆ ಕಾರಿನ ತಳದ ಚೌಕಟ್ಟಿನ, ಉಕ್ಕಿನ ಮೇಲೂ ಒತ್ತಿರುತ್ತಾರಂತೆ. ಅದನ್ನು ನೋಡಿ ಬರುತ್ತೇವೆಂದು ಹುರುಪಿನಿಂದ ಹೋದ ಗೆಳೆಯರಿಬ್ಬರೂ ಮುಖ ಸಣ್ಣದು ಮಾಡಿಕೊಂಡು ಬಂದರು.

"ಏನಾತ್ರಿ?" ಎಂದೆ.

"ಆಕಿ ಕೈ ಹಚ್ಚಗೊಡವಲ್ಲಳು. ನಂಬರ್ ಇರೋ ಜಾಗಾದಾಗನ ವರ್ಷಾ ದಸರಿಗೆ ಆಯುಧಕ್ಕ ಮಾಡೋ ಖಂಡೇಪೂಜಿ ಮಾಡಿ ಮಾಡಿ ಕುಂಕುಮ ಗಟ್ಟಿಯಾಗಿ ಕುಂತೈತಿ. ಬೆರಳ ದಪ್ಪ ಐತಿ."

"ನೀವು ಏನ್ ತಗೊಂಡ್ ಹೋಗಿದ್ರಿ?"

"ವಾಯರ್ ಬ್ರಷ್, ಬಣ್ಣ ಕರಗಸೋ ಥಿನ್ನರ್."

"ದೇವರಿಗೆ?"

"ಅದು ದೇವರಲ್ಲ, ಚಾಸಿ."

"ಕುಂಕುಮ ಏರಿಸಿದ ಮ್ಯಾಲ ಆಕಿಗೆ ಅದು ದೇವರ. ಬೂಟರ ಬಿಚ್ಚಿದ್ರ್ಯಾ?"

ಅವರು ಫ್ಯಾನಿನ ಕಡೆ ನೋಡಿದರು. ಗೆಳೆಯರು ಮಾತ್ರ "ಭಾಬಿ, ನೀವ ಬರ್ರಿ. ನಮ್ಮ ಕೈಲೆ ಇದು ಆಗೂದಲ್ಲ" ಎಂದು ಒಪ್ಪಿಕೊಂಡರು.

ಮರುದಿನ ದೇವರಿಗೆ ಹೂವೇರಿಸಿ ಹೊರಟೆ. ಒಂದು ಡಬ್ಬಿಯಲ್ಲಿ ಕೊಬ್ಬರಿ ಎಣ್ಣೆ, ಇನ್ನೊಂದರಲ್ಲಿ ಕಡಲೆಹಿಟ್ಟು, ಹಳೆಯ ಧೋತರದ ಅರಿವೆ, ಒಂದು ಸ್ಟೀಲಿನ ತಾಟು. ಭರತನಗರಕ್ಕೆ ಲೋಕಲ್ ರೈಲು, ಅಲ್ಲಿಂದ ಆಟೊ. ದಾರಿಯುದ್ದಕ್ಕೂ ನಮ್ಮವರು "ಮೆತ್ತಗ ಮಾತಾಡು" ಎಂದು ನನಗೆ ಬುದ್ಧಿ ಹೇಳುತ್ತಿದ್ದರು. ಥಿನ್ನರ್ ಒಯ್ದವರು!

ಕಾರು ಇಟ್ಟಂಗಿಗಳ ಮೇಲೆ ಕೂತಿತ್ತು. ಟೈರಿಲ್ಲ, ದೀಪಗಳಿಲ್ಲ, ಸೀಟಿನಲ್ಲಿ ಸ್ಪ್ರಿಂಗುಗಳಷ್ಟೇ ಉಳಿದಿದ್ದವು. ಆದರೂ ಅದರ ಉದ್ದ, ಮುಂಭಾಗದ ಗತ್ತು ನೋಡಿದರೆ ಬಡವಾದರೂ ತಲೆ ತಗ್ಗಿಸದ ಹಿರಿಯರನ್ನು ಕಂಡಂತಾಯಿತು. ಬಾಗಿಲಲ್ಲೇ ಚಪ್ಪಲಿ ಬಿಟ್ಟು ಒಳಗೆ ಹೋಗಿ, ಕುಂಕುಮದ ಮುಂದೆ ಕೈಮುಗಿದು, ನೆಲದ ಮೇಲೇ ಕೂತೆ. ಮಿಸ್ತ್ರಿಯ ಹೆಂಡತಿಯೂ ಬಂದು ಕೂತಳು.

"ಇಷ್ಟ್ ದೊಡ್ಡ ಗಾಡಿ, ಈ ಮೂಲ್ಯಾಗ ಯಾಕ ಪೂಜಿ ಮಾಡ್ತಿದ್ರಿ?" ಎಂದು ಕೇಳಿದೆ.

"ನಮ್ಮ ಮನಿಯವರು ಮ್ಯಾಲ ಹಚ್ಚಗೊಡತಿದ್ದಿಲ್ಲರಿ. ಪಾಲಿಶ್ ಕೆಡತೈತಿ, ಕೆಳಗ ಹಚ್ಚು ಅಂತಿದ್ರು." ಆಕೆ ಸ್ವಲ್ಪ ನಕ್ಕಳು. ಆಮೇಲೆ ಸೆರಗು ಸರಿ ಮಾಡಿಕೊಂಡು ಹೇಳಿದಳು: "ಅಕ್ಕಾರ, ಗಾಡಿ ಹೋದ್ರ ಹೋಗ್ಲಿ. ಆದ್ರ ಅವರು ಸುಳ್ಳಾಡೋ ಮನಿಷಾ ಅಲ್ಲ. ಮೈದುನ, ಮಂದಿ ಮುಂದ, 'ನವಾಬ್ ಸಾಹೇಬ್ರು ಬಂದ್ರು, ಖುರ್ಚಿ ಹಾಕ್ರಿ' ಅಂತ ಅಣ್ಣನ್ನ ಆಡಸತಿದ್ದ. ಉಣ್ಣೂ ಮುಂದ ಸುದ್ದಾ ಬಿಡತಿದ್ದಿಲ್ಲ."

"ನಂಬರ್ ಕಂಡ್ರ ಅದು ತೀರ್ಮಾನ ಆಗತೈತ್ವಾ."

"ಗೊತ್ತೈತ್ರಿ. ಆದ್ರ ತಳದಾಗಿಂದು ನಾ ಹಚ್ಚಿದ ಕುಂಕುಮ. ಮ್ಯಾಲಿಂದು, ಅವರು ಹೋದ ಮ್ಯಾಲ, ಮಗಳು ಬಂದು ಹಚ್ಚಿದ್ದು. ತಳದಾಗಿಂದು ಹೋತಂದ್ರ ನನ್ನ ಕೈಲೆ ಮತ್ತ ಬರೂದಿಲ್ಲ."

ಹೊರಗೆ ಗಂಡಸರು ಬರಿಗಾಲಲ್ಲಿ ನಿಂತಿದ್ದರು. ಆಕೆಯ ಮಾತು ಅವರಿಗೂ ಕೇಳಿಸಿರಬೇಕು. ಸಮಾಧಾನದ ಮಾತು ಹೇಳುವುದಕ್ಕಿಂತ ನನಗೆ ಗೊತ್ತಿರುವುದನ್ನು ಹೇಳುವುದೇ ವಾಸಿ ಎನಿಸಿತು.

"ನಮ್ಮ ದೇವರಮನಿ ಜಗಲಿ ಮ್ಯಾಲಿನ ದೇವರಿಗೂ ಹಿಂಗ ಗಟ್ಟಿ ಕೂಡತೈತಿ. ದಸರಿಗೆ ಘಟ ಕೂಡಸೂಕಿಂತ ಮೊದಲ ಎಣ್ಣಿ ಹಚ್ಚಿ ನೆನಸಿ, ಸ್ನಾನಾ ಮಾಡಿಸಿ, ತಗದ ಕುಂಕುಮ ತುಳಸಿ ಬುಡಕ ಹಾಕ್ತೀನಿ. ತಗದ್ರ ದೇವರು ಸಿಟ್ಟಾಗೂದಿಲ್ಲ, ಹಗುರ ಆಗ್ತಾನ. ಇನ್ನ ನಿಮ್ಮ ಕೈಲೆ ಕುಂಕುಮ ಬರೂದಿಲ್ಲಂತ ಯಾರ ಹೇಳಿದ್ರು? ಮಂದಿ ಹೇಳ್ಯಾರ. ದೇವರು ಹೇಳಿದ್ದು ನಾ ಅಂತೂ ಕೇಳಿಲ್ಲ."

ಆಕೆ ನನ್ನ ತಾಟು ನೋಡಿದಳು, ಡಬ್ಬಿ ನೋಡಿದಳು.

"ಹಂಗಾದ್ರ ನಾನ ತಗೀತೀನಿ. ಬ್ಯಾರೇದವರು ಮುಟ್ಟಬಾರದು."

ನಾನು ಎಣ್ಣೆ ಹನಿಸಿದೆ, ಆಕೆ ಬೆರಳಿನಿಂದ ಮೆಲ್ಲಗೆ ತೀಡಿದಳು. ಮೊದಲು ಕೆಂಪು, ಆಮೇಲೆ ಕಂದು, ಕೊನೆಗೆ ಹಳೆಯ ಬೆಲ್ಲದಂಥ ಕಪ್ಪು ಬಿಲ್ಲೆಗಳು ಬಿಟ್ಟುಬಂದವು. ಒಂದೊಂದನ್ನೂ ತಾಟಿನಲ್ಲಿಟ್ಟೆವು. ಕಡಲೆಹಿಟ್ಟು ಹಚ್ಚಿ ಒರೆಸಿದಾಗ ಕೆಳಗಿನ ಉಕ್ಕು ಹೊಚ್ಚ ಹೊಸದರಂತೆ ಹೊಳೆಯಿತು. ಅತ್ತ ಇತ್ತ ತುಕ್ಕು ತಿಂದು ಉಕ್ಕು ಪದರು ಪದರಾಗಿ ಉದುರುತ್ತಿತ್ತು. ಎಣ್ಣೆ ಕುಂಕುಮ ಕೂತಿದ್ದ ಅಂಗೈಯಗಲ ಮಾತ್ರ ಉಳಿದಿತ್ತು. ಅಲ್ಲಿ ನಂಬರು ಇತ್ತು. ಗೆಳೆಯರು ಅದರ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡರು. ಮೊದಲ ಸಲ ಕಾಗದ ಸರಿದು ಎರಡನೆಯ ಸಲ ಉಜ್ಜಬೇಕಾಯಿತು.

ವಿಲಾಯತಿಯಲ್ಲಿ ಇಂಥ ಕಾರುಗಳ ನಂಬರು, ಯಾರು ತರಿಸಿಕೊಂಡರು ಎಂಬುದನ್ನೆಲ್ಲ ಕಾಪಾಡಿ ಇಟ್ಟ ಹವ್ಯಾಸಿಗಳಿದ್ದಾರಂತೆ. ಅಚ್ಚು ಅವರಿಗೆ ಹೋಯಿತು. ಉತ್ತರ ಬರುವವರೆಗೆ ನಮ್ಮವರು ಅನ್ನಕ್ಕೆ ಸಾರು ಹಾಕಿಕೊಳ್ಳುವುದನ್ನೂ ಮರೆಯುತ್ತಿದ್ದರು. ಘಟದ ಮುಂದೆ ಕೂತಾಗ ನಾನು ಕಾರಿಗಾಗಿ ಬೇಡಿಕೊಳ್ಳಲಿಲ್ಲ. ತೀರಿಹೋದವನ ಮಾತು ಉಳಿಯಲಿ ಎಂದಷ್ಟೇ ಕೇಳಿಕೊಂಡೆ. ಉಳಿಯುತ್ತದೆ ಎಂದು ನನಗೆ ಅನಿಸಿಯೂ ಇತ್ತು.

ಹಬ್ಬದ ನಡುವೆಯೇ ಒಂದು ಬೆಳಿಗ್ಗೆ ಗೆಳೆಯರು ಫೋನೂ ಮಾಡದೆ ಬಂದು ಬಾಗಿಲು ಬಡಿದರು. "ಭಾಬಿ, ಮಿಲ್ ಗಯಾ! ಉತ್ತರ ಬಂತು! ಪಕ್ಕಾ ಈ ಊರಿಗೇ ಬಂದದ್ದು, ದೊಡ್ಡ ನವಾಬ್ ಮನೆತನಕ್ಕ!" ಎಂದರು. ಆಮೇಲೆ ದನಿ ತಗ್ಗಿಸಿ, "ಆದ್ರ ಒಂದು ಮಾತು ಐತಿ. ನವಾಬ್ ಕೂಡ್ಲಿಕ್ಕೆ ತರಿಸಿದ್ದಲ್ಲ ಅದು. ಮನಿ ಹೆಣ್ಣುಮಕ್ಕಳಿಗೆ. ಕಿಟಕಿಗೆ ಪರದಾ ಹಾಕಿಸಿ ಮಾಡಿಸ್ಯಾರ. ಮಿಸ್ತ್ರಿ ಹೇಳಿದ್ದು ಅರ್ಧಾನ ಖರೇ ಆತು. ಆಕಿಗೆ ಹೆಂಗ ಹೇಳೂದು?" ಎಂದರು.

"ಇದ್ದದ್ದ ಇದ್ದಂಗ" ಎಂದೆ.

ಹಾಗೆಯೇ ಹೇಳಿದೆವು. ಆಕೆ ಪೂರ್ತಿ ಕೇಳಿಸಿಕೊಂಡು, ಬಾಯಿಗೆ ಸೆರಗು ಹಚ್ಚಿ ನಗಲು ಶುರು ಮಾಡಿದಳು.

"ನೋಡ್ರಿ ಅಕ್ಕಾರ, ನವಾಬರು ಕೂತ ಜಾಗಾ, ಹೆಂಗಸರು ಕೂಡಬಾರದು ಅಂತ ಒಂದಿನಾ ನನ್ನ ಒಳಗ ಬಿಡಲಿಲ್ಲ ಅವರು! ಬೇಗಂಗಳ ಗಾಡಿ ಆಗಿತ್ತೇನದು!"

ನಗುತ್ತಲೇ ಕಣ್ಣೊರೆಸಿಕೊಂಡಳು. ಕಾರನ್ನು ನನ್ನ ಮನೆಯ ಅಂಗಳಕ್ಕೆ ಸಾಗಿಸಿ ಕಾಪಾಡುತ್ತೇನೆ, ಮುಂದಿನದನ್ನು ನೀವೇ ತೀರ್ಮಾನಿಸಿ ಎಂದು ಗೆಳೆಯರು ಹೇಳಿದರು. ಆಗಲಿ ಎಂದಳು. ಆದರೆ ಮೊದಲು ಮೈದುನನಿಗೆ ಫೋನ್ ಹಚ್ಚಿಸಿ, ಸ್ಪೀಕರ್ ಹಾಕಿಸಿದಳು. ಗೆಳೆಯರು ವಿಷಯ ತಿಳಿಸಿದರು. ಆ ಕಡೆಯಿಂದ ಮೈದುನ ಹೇಳಿದ:

"ಹಂಗಾದ್ರ ಗುಜರಿಯವಗ ಬ್ಯಾಡಂತ ಹೇಳ್ತೀನಿ ತಗೋ ವೈನಿ."

"ಅದು ಆಮ್ಯಾಲ. ಮೊದಲ ಹೇಳು, ನಿಮ್ಮಣ್ಣ ಸುಳ್ಳಾಡಿದ್ರೇನು?"

"ಇಲ್ಲ ಬಿಡು."

"ಜೋರಾಗಿ ಹೇಳು. ಇಲ್ಲಿ ಮಂದಿ ಅದಾರ."

"ಇಲ್ಲ ವೈನಿ, ಅಣ್ಣ ಸುಳ್ಳಾಡಿಲ್ಲ!"

ತಗಡಿನ ಶೆಡ್ಡಿನಲ್ಲಿ ಆ ಮಾತು ಗಟ್ಟಿಯಾಗಿ ಕೇಳಿಸಿತು. ಆಕೆ ಫೋನು ಹಿಂದಕ್ಕೆ ಕೊಟ್ಟು, ನಮ್ಮೆಲ್ಲರಿಗೂ ಚಹಾಕ್ಕೆ ನೀರಿಡಲು ಎದ್ದಳು.