ಮಿಸ್ತ್ರಿಯ ಮುಂದೆ ಬಾಯಿಬಿಡದ ಸಪ್ಪಳ

ಇಂದು ಬೆಳಿಗ್ಗೆ ಉಣಕಲ್ಲಿನ ಸಿಗ್ನಲ್ಲಿನಲ್ಲಿ ನಿಂತಿದ್ದಾಗ ಪಕ್ಕಕ್ಕೊಂದು ಆಟೋ ಬಂತು. ನಿಲ್ಲುವಾಗ ಅದರ ಹೊಟ್ಟೆಯೊಳಗಿನಿಂದ ಸಣ್ಣದೊಂದು "ಕುಂಯ್ಕ್" ಕೇಳಿಸಿತು. ನಾನು ತಟ್ಟನೆ ಕಾರಿನ ಕಿಟಕಿಯ ಕಾಜು ಇಳಿಸಿ ಕಿವಿ ಹೊರಗೆ ಚಾಚಿದೆ. ಆಟೋದಲ್ಲಿ ಕೂತಿದ್ದ ಹೆಣ್ಣುಮಗಳು ನಾನು ಅವಳ ಮುಡಿಯ ಮಲ್ಲಿಗೆಯನ್ನೇ ನೋಡುತ್ತಿದ್ದೇನೆಂದು ತಿಳಿದು ನಕ್ಕಳು. ನಾನೂ ನಕ್ಕೆ. ಹಸಿರು ದೀಪ ಹತ್ತಿತು, ಆಟೋ ಹೋಯಿತು. ನನ್ನ ಮನಸ್ಸು ಮಾತ್ರ ಎರಡು ವರ್ಷ ಹಿಂದಕ್ಕೆ ಓಡಿ, ನಮ್ಮ ಕಾರಿಗೆ ಸಪ್ಪಳ ಹತ್ತಿದ ಆ ಬೇಸಿಗೆಯಲ್ಲಿ ಹೋಗಿ ನಿಂತಿತು.

ಕಾರೆಂದರೆ ದೊಡ್ಡದೇನನ್ನೂ ಕಲ್ಪಿಸಿಕೊಳ್ಳಬೇಡಿ. ಹದಿನಾಲ್ಕು ವರ್ಷದ ಸಣ್ಣ ಗಾಡಿ. ಕೊಂಡಾಗ ಬೆಳ್ಳಿಬಣ್ಣದ್ದು, ಆಮೇಲಾಮೇಲೆ ವಿಭೂತಿ ಹಾಕಿ ತಿಕ್ಕದೆ ಬಿಟ್ಟ ಬೆಳ್ಳಿ ಆರತಿಯ ಬಣ್ಣಕ್ಕೆ ಬಂದಿತ್ತು. ನಲವತ್ತಮೂರನೆಯ ವಯಸ್ಸಿನಲ್ಲಿ ನಾನು ಕಾರು ಕಲಿತದ್ದು ಇದರಲ್ಲೇ. ನಮ್ಮದೇ ಗೇಟಿನ ಕಂಬಕ್ಕೆ ಎರಡು ಸಲ ಗುದ್ದಿದ್ದೂ ಇದರಲ್ಲೇ. ಅದಕ್ಕೂ ಮೊದಲು ಧಾರವಾಡದ ಸಪ್ತಾಪುರದ ಮನೆಯಿಂದ ಹುಬ್ಬಳ್ಳಿಯ ವಿದ್ಯಾನಗರಕ್ಕೆ, ನಾನು ಕೆಲಸ ಮಾಡುವ ಆಸ್ಪತ್ರೆಗೆ, ವರ್ಷಗಟ್ಟಲೆ ಬಸ್ಸಿನಲ್ಲಿ ನಿಂತು ಹೋಗಿದ್ದೆ. ರೋಗಿಗಳ ಹಳೆಯ ಕಡತಗಳನ್ನು ಜೋಡಿಸಿಡುವುದು ನನ್ನ ಕೆಲಸ. ಮನೆಯಲ್ಲಿ ಯಾರೋ ಒಬ್ಬರು ಕರೆಯುತ್ತಲೇ ಇರುತ್ತಾರೆ, ಆಸ್ಪತ್ರೆಯಲ್ಲಿ ಇನ್ಯಾರೋ ಕರೆಯುತ್ತಿರುತ್ತಾರೆ. ಇವೆರಡರ ನಡುವೆ ಯಾರೂ ಕರೆಯದ ಮುಕ್ಕಾಲು ತಾಸು ನನಗೆ ದಕ್ಕಿದ್ದು ಈ ಕಾರಿನಿಂದ. ಆ ಹೊತ್ತಿನಲ್ಲಿ ನಾನು ಹಾಡುತ್ತೇನೆ. ಚೆನ್ನಾಗಿ ಹಾಡುವುದಿಲ್ಲ, ಅದಕ್ಕೇ ಕಾಜು ಏರಿಸಿಕೊಂಡಿರುತ್ತೇನೆ.

ಸಪ್ಪಳ ಶುರುವಾದದ್ದು ಹೋಳಿಹುಣ್ಣಿಮೆ ಕಳೆದ ಮೇಲೆ. ರಸ್ತೆಯಲ್ಲಿ ವೇಗ ತಡೆಯುವ ಹಂಪು ಬಂದಾಗಲೆಲ್ಲ ಹಿಂದಿನಿಂದಲೋ ಮುಂದಿನಿಂದಲೋ ತಿಳಿಯದ ಹಾಗೆ ಒಂದು "ಕುಂಯ್ಕ್". ಹಳೆಯ ತೂಗುಮಂಚದಲ್ಲಿ ದಪ್ಪ ಮನುಷ್ಯರು ಮಗ್ಗುಲು ಬದಲಿಸಿದರೆ ಬರುತ್ತದಲ್ಲ, ಅಂಥದ್ದು. ಮೊದಲ ವಾರ ನನ್ನ ಊಟದ ಡಬ್ಬಿಯ ಮೇಲೆ ಸಂಶಯಪಟ್ಟು ಅದನ್ನು ಟವೆಲಿನಲ್ಲಿ ಸುತ್ತಿದೆ. ಎರಡನೆಯ ವಾರ ಛತ್ರಿ, ಚಪ್ಪಲಿ, ಹಿಂದಿನ ಸೀಟಿನ ದಿಂಬು ಎಲ್ಲವೂ ಮನೆ ಸೇರಿದವು. ಬರಿದಾದ ಕಾರಿನಲ್ಲಿ ಸಪ್ಪಳ ಇನ್ನೂ ಖುಷಿಯಿಂದ ಓಡಾಡತೊಡಗಿತು.

ಆಗ ಮನೆಯವರಿಗೆ ಹೇಳಿದೆ. ನಮ್ಮವರು ಕಾಲೇಜಿನಲ್ಲಿ ಗಣಿತ ಹೇಳಿಕೊಡುವವರು. ಉತ್ತರ ಸಿಗದಿದ್ದರೆ ಲೆಕ್ಕವೇ ತಪ್ಪು ಅನ್ನುವ ಜಾತಿ. ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ, ಮುಖ ಗಂಟುಹಾಕಿದರು.

"ಗಾಲಿ ಕಳಚಾಕತ್ತೈತಿ ಇದರದ್ದು."

"ಗಾಲಿ ಕಳಚಿದ್ರ ಗಡಗಡ ಅಂತೈತ್ರಿ. ಇದು ಕುಂಯ್ಕ್ ಅನ್ನಾಕತ್ತೈತಿ."

"ಮೊದಲ ಕುಂಯ್ಕ್ ಅಂತೈತಿ, ಆಮ್ಯಾಲ ಗಡಗಡ ಅಂತೈತಿ. ನಡಿ, ಮಿಸ್ತ್ರಿ ಕಡೆ ಒಯ್ಯೂಣು."

ಮಿಸ್ತ್ರಿ ಅಂದರೆ ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ಕಾರು ರಿಪೇರಿ ಮಾಡುವ ದಾದಾಪೀರ್. ಅವರ ರೋಗ ಹಿಡಿಯುವ ರೀತಿಯನ್ನು ನೀವು ನೋಡಬೇಕು. ಎಂಜಿನ್ ತೆರೆಯುವುದಿಲ್ಲ, ಏನನ್ನೂ ಮುಟ್ಟುವುದಿಲ್ಲ. ನಮ್ಮ ಪಕ್ಕದ ಸೀಟಿನಲ್ಲಿ ಕೂತು, ಕಣ್ಣು ಮುಚ್ಚಿ, "ಹೊಡೀರಿ ಅಕ್ಕಾರ" ಅನ್ನುತ್ತಾರೆ. ನಾವು ಕಾರು ಓಡಿಸಬೇಕು, ಅವರು ಕೇಳಬೇಕು. ಗ್ಯಾರೇಜಿನ ಬಾಗಿಲಲ್ಲೇ ಒಂದು ಹಂಪು ಇದೆ. ಅದೇ ಅವರ ಪರೀಕ್ಷೆಯ ಕೋಣೆ.

ಇನ್ನು ನಮ್ಮ ಮನೆಯ ಒಂದು ಪದ್ಧತಿಯನ್ನು ಇಲ್ಲೇ ಹೇಳಿಬಿಡಬೇಕು. ನಾವು ಭಾಂಡೆ ತಿಕ್ಕುವಾಕೆ ಬರುವ ಮೊದಲು ಭಾಂಡೆಗಳನ್ನು ಒಂದು ಸಲ ತೊಳೆದಿಡುವವರು. ಡಾಕ್ಟರ ಹತ್ತಿರ ಹೋಗುವುದಿದ್ದರೆ ಜ್ವರವಿದ್ದರೂ ತಲೆ ಬಾಚಿ, ಇಸ್ತ್ರಿ ಮಾಡಿದ ಸೀರೆ ಉಟ್ಟು ಹೋಗುವವರು. ಅಂದಮೇಲೆ ಕಾರನ್ನು ಹೊಲಸು ಮೈಯಲ್ಲಿ ಪರರ ಮುಂದೆ ನಿಲ್ಲಿಸುವುದುಂಟೇ? ಮುಂಜಾನೆಯೇ ನಮ್ಮವರು ಪೈಪು ಹಿಡಿದು ಗಾಲಿಯ ಸಂದಿಗೊಂದಿಗೂ ನೀರು ಹೊಡೆದರು, ನಾನು ಅರಿವೆ ಹಿಡಿದು ಒರೆಸಿದೆ. ನೆಂಟರ ಮನೆಗೆ ಕೂಸನ್ನು ಒಯ್ಯುವಂತೆ ಒಯ್ದೆವು. ದಾದಾಪೀರ್ ಕಣ್ಣು ಮುಚ್ಚಿ ಕೂತರು. ಹಂಪು ಬಂತು, ಹೋಯಿತು. ಕಾರು ಚಕಾರ ಎತ್ತಲಿಲ್ಲ.

"ಇನ್ನೊಮ್ಮೆ ಹೊಡೀರಿ."

ಇನ್ನೊಮ್ಮೆ ಹೊಡೆದೆ. ಮತ್ತೊಮ್ಮೆ ಹೊಡೆದೆ. ಕಾರು ಮೌನವ್ರತ ಹಿಡಿದಿತ್ತು.

"ಗಾಡಿ ಒಳ್ಳೆ ಆರಾಮ ಐತ್ರಿ," ಎಂದು ದಾದಾಪೀರ್ ಇಳಿದರು.

ಮರುದಿನ ಆಸ್ಪತ್ರೆಗೆ ಹೊರಟರೆ ನಮ್ಮ ಓಣಿಯ ಮೂಲೆಯಲ್ಲೇ "ಕುಂಯ್ಕ್!" ನನಗೆ ಬಂದ ಸಿಟ್ಟು ಹೇಳತೀರದು.

ಹೀಗೆ ಮೂರು ಸಲ ಆಯಿತು. ಮೂರನೆಯ ಸಲ ದಾದಾಪೀರ್ ಕಣ್ಣು ತೆರೆದು, ಬಹಳ ಮೆತ್ತಗೆ, "ಅಕ್ಕಾರ, ಬ್ಯಾಸರ ಮಾಡ್ಕೋಬ್ಯಾಡ್ರಿ. ನಿಮ್ಮ ದವಾಖಾನ್ಯಾಗ ಕಿವಿ ಡಾಕ್ಟರ್ ಅದಾರಲ್ಲ?" ಎಂದರು. ನಮ್ಮವರು ಪುಣ್ಯಕ್ಕೆ ನನ್ನ ಪರ ನಿಂತು, "ನಾನೂ ಕೇಳೇನಿ ಮಿಸ್ತ್ರಿ," ಅಂದರು. "ಹಂಗಾರ ಇಬ್ರೂ ತೋರಿಸ್ಕೋರಿ," ಅಂದರು ದಾದಾಪೀರ್.

ನಗು ಅಲ್ಲಿಗೆ ಮುಗಿಯಿತು. ಮನೆಗೆ ಬಂದ ಮೇಲೆ ನಮ್ಮವರು ನಿಧಾನವಾಗಿ ಹೇಳಿದರು: "ಎಲ್ಲಿಂದ ಬರ್ತೈತಿ ಅಂತ ಗೊತ್ತಿದ್ರ ಅಂಜಿಕಿಲ್ಲ. ಗೊತ್ತಿಲ್ಲದ ಸಪ್ಪಳ ಇಟಗೊಂಡು ನೀ ದಿನಾ ಲಾರಿ ನಡುವ ಹೋಗೂದು ನನ್ನ ಮನಸಿಗೆ ಬರವಲ್ಲದು. ಕೊಟ್ಟು ಬಿಡೂಣು."

"ಮತ್ತ ನಾ ಹೆಂಗ ಹೋಗ್ಲಿ?"

"ಬಸ್ ಅದಾವಲ್ಲ. ಹೊಸಾದು ಮುಂದ ನೋಡಿದ್ರಾತು."

ಆ 'ಮುಂದೆ' ಎಂಬುದು ಎಷ್ಟು ದೂರ ಎಂದು ಸಂಸಾರ ಮಾಡಿದವರಿಗೆಲ್ಲ ಗೊತ್ತು. ನವಲಗುಂದದ ಕಡೆಯ ಹತ್ತಿ ವ್ಯಾಪಾರಿಯೊಬ್ಬರು ಹಳೆಯ ಗಾಡಿ ಹುಡುಕುತ್ತಿದ್ದರು. ಬರುವ ರವಿವಾರ ನೋಡಲು ಬರುತ್ತಾರೆಂದು ಗೊತ್ತಾಯಿತು. ಅಂದು ಸೋಮವಾರ. ನನ್ನ ಮುಕ್ಕಾಲು ತಾಸಿಗೆ ಉಳಿದದ್ದು ಆರು ದಿನ. ಸುಳ್ಳಲ್ಲ, ಆ ದಿನ ರೊಟ್ಟಿ ಬಡಿಯುವಾಗ ನನ್ನ ಕಣ್ಣಲ್ಲಿ ನೀರು ಬಂತು. ಹೊಗೆಯ ನೆಪ ಹೇಳೋಣವೆಂದರೆ ನಮ್ಮದು ಗ್ಯಾಸಿನ ಒಲೆ.

ನನಗೆ ದಿನಚರಿ ಬರೆಯುವ ಚಟವಿದೆ. ದೊಡ್ಡ ವಿಚಾರಗಳೇನೂ ಅದರಲ್ಲಿರುವುದಿಲ್ಲ. ಹಾಲು ಬಂತೇ, ಸೆಕೆ ಎಷ್ಟು, ಯಾರು ಬಂದರು, ಯಾವ ಪಲ್ಯ ಉಪ್ಪಾಯಿತು, ಇಷ್ಟೇ. ಮಕ್ಕಳು ಇದನ್ನು ಹವಾಮಾನ ಇಲಾಖೆ ಎಂದು ಕರೆಯುತ್ತಾರೆ. ಮಂಗಳವಾರ ಸಂಜೆ ಆ ಎರಡು ತಿಂಗಳ ಹಾಳೆಗಳನ್ನು ತಿರುವುತ್ತ ಕೂತೆ. ಹಾಳೆ ಹಾಳೆಗೂ "ಸಪ್ಪಳ ಇತ್ತು", "ಸಪ್ಪಳ ಬಹಳ", "ದರಿದ್ರ ಸಪ್ಪಳ". ಓದಿ ಓದಿ ಬೇಸರವಾಗಿ, ಇಷ್ಟು ದಿನದಲ್ಲಿ ಒಂದು ದಿನವಾದರೂ ನೆಮ್ಮದಿಯಿಂದ ಹೋಗಿರಲಿಲ್ಲವೇ ಎಂದು ಹುಡುಕಿದೆ. ಇತ್ತು. "ಬೆಳಗಿನ ಜಾವ ಅಡ್ಡಮಳೆ. ಹಾಲು ತಡ. ಸಪ್ಪಳ ಇಲ್ಲ." ಇನ್ನೊಂದು: "ಕಾರು ತೊಳೆದು ಮಿಸ್ತ್ರಿ ಕಡೆ ಹೋದೆವು. ಸಪ್ಪಳ ಇಲ್ಲ. ಮಾನ ಹೋಯಿತು." ಅಂಥವು ಮೂರು. ಆಮೇಲೆ ಇದು: "ನವನಗರದ ಹತ್ತಿರ ಪೈಪು ಒಡೆದು ರಸ್ತೆ ತುಂಬ ನೀರು. ಅಲ್ಲಿಯ ತನಕ ಸಪ್ಪಳ ಇತ್ತು, ಆಮೇಲೆ ಇಲ್ಲ."

ಪೆನ್ನು ಕೆಳಗಿಟ್ಟೆ. ಮಳೆ, ತೊಳೆದ ಕಾರು, ಒಡೆದ ಪೈಪು. ನಮ್ಮ ಕಾರು ನೀರು ಬಿದ್ದಾಗ ಸುಮ್ಮನಿರುತ್ತಿತ್ತು. ಮಿಸ್ತ್ರಿಗೆ ಅದು ಹೆದರುತ್ತಿರಲಿಲ್ಲ. ನಾವೇ ಪ್ರತಿ ಸಲ ಮೈತೊಳೆದು ಅದರ ಬಾಯಿ ಮುಚ್ಚಿಸಿ ಒಯ್ಯುತ್ತಿದ್ದೆವು!

ಮರುದಿನ ಬೆಳಿಗ್ಗೆ ಆರಕ್ಕೆ ತಂಬಿಗೆ ಹಿಡಿದು ಹೊರಗೆ ಬಂದೆ. ಹಳೆಯ ಚಾಪೆ ಹಾಸಿ ಮಲಗಿ, ಮುಂದಿನ ಎಡಗಾಲಿಯ ಹಿಂಭಾಗಕ್ಕೆ, ಕಬ್ಬಿಣಗಳು ಕೂಡುವ ಜಾಗದಲ್ಲಿ, ಒಂದು ತಂಬಿಗೆ ನೀರು ಸುರಿದೆ. ಕಾರು ಹತ್ತಿ ಓಣಿಯ ಹಂಪಿನವರೆಗೆ ಹೋಗಿ ಬಂದೆ. ಕುಂಯ್ಕ್. ಮುಂದಿನ ಬಲಗಾಲಿಗೆ ಸುರಿದೆ. ಕುಂಯ್ಕ್. ಎದುರು ಮನೆಯ ಕಾಕೂ ರಂಗೋಲಿ ಬಿಟ್ಟು ನಿಂತು ನೋಡುತ್ತಿದ್ದರು.

"ಏನ್ರವಾ, ಗಾಲಿಗೆ ಅಭಿಷೇಕ ನಡಸೀರೇನು?"

"ಹೂಂ ರೀ ಕಾಕೂ. ಇನ್ನ ಎರಡು ಉಳದಾವು."

"ಹಾಲೂ ಹಾಕ್ರಿ ಒಂದೀಟು. ನೀರಿಗೆ ಒಲಿಯೂ ದೇವರು ಅಲ್ಲ ಅನಸ್ತೈತಿ."

ಹಿಂದಿನ ಬಲಗಾಲಿಗೂ ಸುರಿದೆ. ಕುಂಯ್ಕ್. ಕೊನೆಗೆ ಹಿಂದಿನ ಎಡಗಾಲಿ. ಹಂಪಿನ ಮೇಲೆ ಏರಿಸಿದೆ, ಇಳಿಸಿದೆ. ಏನೂ ಇಲ್ಲ. ಮತ್ತೆ ಏರಿಸಿದೆ. ಬರೀ ಗಾಲಿಗಳ ಮೆತ್ತನೆಯ ಸದ್ದು. ಸ್ಟೀಯರಿಂಗಿಗೆ ಹಣೆ ಹಚ್ಚಿ ನಗುತ್ತ ಕೂತುಬಿಟ್ಟೆ. ಕಾಕೂ ಗಾಬರಿಯಾಗಿ ನಮ್ಮವರನ್ನು ಕರೆದದ್ದು ಆಮೇಲೆ ತಿಳಿಯಿತು.

ಆದರೂ ನಾನು ದುಡುಕುವವಳಲ್ಲ. ನಾಲ್ಕೂ ಒದ್ದೆಯಾಗಿದ್ದವಲ್ಲ. ಗುರುವಾರ, ಒಣಗಿ ಮತ್ತೆ ಕೂಗತೊಡಗಿದ ಮೇಲೆ, ಹಿಂದಿನ ಎಡಗಾಲಿಗೆ ಮಾತ್ರ ಸುರಿದು ನೋಡಿದೆ. ಸುಮ್ಮನಾಯಿತು. ಶುಕ್ರವಾರವೂ ಹಾಗೇ. ಇನ್ನು ಅನುಮಾನ ಉಳಿಯಲಿಲ್ಲ.

ಶನಿವಾರ ಮಿಸ್ತ್ರಿಯ ಕಡೆ ಹೊರಟಾಗ ನಮ್ಮವರು ಎಂದಿನಂತೆ ಪೈಪು ಹಿಡಿದರು. ನಾನು ನಳ ಬಂದ್ ಮಾಡಿದೆ.

"ಹಕ್ಕಿ ಹೊಲಸು ಮಾಡಿದ ಗಾಡಿ ಹಿಂಗ ಒಯ್ತಾರೇನು? ಮಂದಿ ಏನಂದಾರು?"

"ಇವತ್ತ ಮಂದಿ ಏನರ ಅನ್ಲಿ. ಗಾಡಿ ಅನ್ನಬೇಕಾದ್ದನ್ನ ಅನ್ನಬೇಕು. ಬರ್ರಿ, ಕೂಡ್ರಿ."

ನೀವು ನಂಬುತ್ತೀರೋ ಇಲ್ಲವೋ, ಧಾರವಾಡದಿಂದ ಗೋಕುಲ ರಸ್ತೆಯ ತನಕ ಅವರು ಕರವಸ್ತ್ರದಿಂದ ಒಳಗಿನ ಕಾಜನ್ನಾದರೂ ಒರೆಸುತ್ತಲೇ ಇದ್ದರು. ದಾದಾಪೀರ್ ನಮ್ಮ ಕಾರಿನ ಅವತಾರ ನೋಡಿ, ಮನೆಯಲ್ಲಿ ಏನಾದರೂ ಕೆಟ್ಟದ್ದು ಆಯಿತೇನೋ ಅಂದುಕೊಂಡರಂತೆ. ನಾನು ಪಕ್ಕದ ಬಾಗಿಲು ತೆರೆದೆ. ಅವರು ಕಣ್ಣು ಮುಚ್ಚಿದರು. ಹಂಪು ಬಂತು.

"ಕುಂಯ್ಕ್!"

ಅಷ್ಟು ಇಂಪಾದ ಸಪ್ಪಳವನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ದಾದಾಪೀರ್ ಒಂದು ಕಣ್ಣು ಮಾತ್ರ ತೆರೆದರು.

"ಹಿಂದಿನ ಎಡಗಾಲಿ," ಅಂದೆ ನಾನು. "ನೀರು ಹಾಕಿದ್ರ ಸುಮ್ಮನಾಗ್ತೈತಿ, ಒಣಗಿದ್ರ ಒದರ್ತೈತಿ. ಮೂರು ದಿನ ನೋಡೇನಿ."

ಅವರು ಜಾಕ್ ಏರಿಸಿ ಕಾರಿನ ಕೆಳಗೆ ತೂರಿದರು. ಗಾಡಿಯ ಕುಲುಕಾಟವನ್ನು ತಡೆಯುವ ಉದ್ದನೆಯ ಕೊಳವೆಯ ಬುಡದಲ್ಲಿ ರಬ್ಬರಿನ ಒಂದು ಬಳೆ ಇರುತ್ತದೆ, ಬುಶ್ ಅನ್ನುತ್ತಾರೆ. ಅದನ್ನು ಬಿಚ್ಚಿ ತಂದು ನನ್ನ ಅಂಗೈ ಮೇಲಿಟ್ಟರು. ಚಳಿಗಾಲದ ಹಿಮ್ಮಡಿಯ ಹಾಗೆ ಸುತ್ತಲೂ ಬಿರುಕು. ಇಷ್ಟು ಸಣ್ಣದು, ಎರಡು ತಿಂಗಳು ನಮ್ಮನ್ನು ಆಡಿಸಿತ್ತು.

"ಗಾಲಿ ಕಳಚತಿತ್ತೇನು ಮಿಸ್ತ್ರಿ?" ನಮ್ಮವರು ಕೇಳಿದರು.

"ಎಲ್ಲೀದ್ರಿ ಸರ! ಬರೇ ಒಣಾ ರಬ್ಬರ್. ಹೊಸಾದು ಹಾಕಿದ್ರ ಮುಗೀತು. ತಪ್ಪು ನಂದೂ ಐತ್ರಿ. ಗಾಡಿ ತೊಳಕೊಂಡ ಬಂದಾಗೆಲ್ಲ, ಎಂಥಾ ಚೊಕ್ಕ ಮಂದಿ ಅಂತ ಅನ್ಕೋತಿದ್ನೇ ಹೊರತು, ಒಣಗಿಸಿ ತರ್ರಿ ಅನ್ಲಿಲ್ಲ ನೋಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಅಕ್ಕಾರ, ಕಿವಿ ಡಾಕ್ಟರ್ ಮಾತು ಹಿಂದಕ್ಕ ತಗೊಂಡೇನ್ರಿ. ರಜಾ ಇದ್ದಾಗ ಇತ್ತಾಗ ಬರ್ರಿ, ಒಂದು ಕುರ್ಚಿ ಹಾಕಿಸ್ತೇನಿ," ಎಂದರು.

ಮರಳುವಾಗ ನಮ್ಮವರು ಪ್ರತಿ ಹಂಪಿಗೂ ಉಸಿರು ಹಿಡಿದರು, ಪ್ರತಿ ಹಂಪಾದ ಮೇಲೂ ಬಿಟ್ಟರು. ಸತ್ತೂರು ದಾಟುವ ಹೊತ್ತಿಗೆ ಉಸಿರು ಹಿಡಿಯುವುದನ್ನು ಬಿಟ್ಟರು. ಹತ್ತಿ ವ್ಯಾಪಾರಿಗೆ ಬರಬೇಡಿರೆಂದು ಫೋನು ಮಾಡಿದರೆ ಆ ಪುಣ್ಯಾತ್ಮರು ಎತ್ತಲಿಲ್ಲ. ರವಿವಾರ ಹತ್ತಕ್ಕೆ ಬಂದೇಬಿಟ್ಟರು. ಅಷ್ಟು ದೂರದಿಂದ ಬಂದವರಿಗೆ ಒಂದು ಸುತ್ತಾದರೂ ಹಾಕಿಸದಿದ್ದರೆ ಹೇಗೆ? ಕೆಲಗೇರಿ ರಸ್ತೆಯಲ್ಲಿ ನಾನೇ ಹೊಡೆದುಕೊಂಡು ಹೋಗಿ ಬಂದೆ. ಚಹಾದ ಕಪ್ಪು ಹಿಡಿದು ಅವರು ನಮ್ಮವರಿಗೆ, "ಗಾಡಿ ಬೆಣ್ಣಿ ಆಗೇತ್ರಿ ಸರ. ನೀವು ಹೂಂ ಅಂದ್ರ ಇವತ್ತ ಒಯ್ತೇನಿ," ಅಂದರು.

ನಮ್ಮವರು ನನ್ನ ಕಡೆ ಕೈ ತೋರಿಸಿದರು. "ನನ್ನ ಕೇಳಬ್ಯಾಡ್ರಿ. ಗಾಡಿ ಅವರದು."

ನಾನು ಅವರ ತಾಟಿಗೆ ಇನ್ನೊಂದಿಷ್ಟು ಅವಲಕ್ಕಿ ಹಾಕಿದೆ. "ತಿನ್ರಿ. ಗಾಡಿ ಕೊಡಂಗಿಲ್ರಿ."

ಈಗ ನಮ್ಮ ನೆಂಟರಿಷ್ಟರಲ್ಲಿ ನನಗೊಂದು ಹೆಸರು ಬಂದಿದೆ. ಫ್ರಿಜ್ಜು ಗುರುಗುಟ್ಟಿದರೆ, ಫ್ಯಾನು ಟಕಟಕ ಅಂದರೆ ಫೋನು ಬರುತ್ತದೆ. ನಾನು ಎಲ್ಲರಿಗೂ ಒಂದೇ ಪ್ರಶ್ನೆ ಕೇಳುತ್ತೇನೆ: ಸಪ್ಪಳ ಯಾವಾಗ ಬರಂಗಿಲ್ಲ, ಅದನ್ನ ಹೇಳ್ರಿ. ಹೋದ ವಾರ ನಮ್ಮವರೇ ಸ್ಕೂಟರಿನ ಪಕ್ಕ ನಿಂತು ತಲೆ ಕೆರೆಯುತ್ತಿದ್ದರು. "ಇದು ಯಾಕೋ ಚರ್ ಅನ್ನಾಕತ್ತೈತಿ. ನೀ ಒಂದ್ಸಲ ಹಿಂದ ಕೂತು ಕೇಳ್ತೀಯೇನು?" ಎಂದು ಕೇಳಿದರು. ಸೆರಗು ಸಿಕ್ಕಿಸಿ ಕೂತೆ. ಹೊರಡುವ ಮೊದಲು ಒಂದು ಕರಾರು ಹಾಕಿದೆ: "ದಾರ್ಯಾಗ ನೀವು ಮಾತಾಡಬ್ಯಾಡ್ರಿ, ನಾ ಕೇಳಬೇಕು." ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಮೊದಲ ಸಲ, ಸಪ್ತಾಪುರದ ಮೂರು ಓಣಿ ದಾಟುವ ತನಕ ಗಣಿತದ ಮಾಸ್ತರರು ಬಾಯಿ ತೆರೆಯಲಿಲ್ಲ.