ನವಿಲು ಸೆರಗು ಉಳಿದ ಬಗೆ

"ಬೈಬ್ಯಾಡ್ರಿ ಅಕ್ಕ" ಎನ್ನುತ್ತಾ ಓಬಳೇಶ ಗೋಣಿಚೀಲದ ಗಂಟೊಂದನ್ನು ನಮ್ಮ ಜಗಲಿಯ ಮೇಲಿಟ್ಟಾಗ ನಾನು ನೆನೆದ ರಟ್ಟುಗಳನ್ನು ಬಿಸಿಲಿಗೆ ಹರಡುತ್ತಿದ್ದೆ. ಮೊಳಕಾಲ್ಮೂರಿನ ನಮ್ಮ ಬೀದಿಯಲ್ಲಿ ಅವನೂ ನಮ್ಮಂತೆಯೇ ರೇಷ್ಮೆ ಸೀರೆ ನೇಯುವವನು. ನಮ್ಮಿಬ್ಬರ ಮನೆಗೂ ಮಾತು ಅಷ್ಟಕ್ಕಷ್ಟೆ.

ಹಿಂದಿನ ದಿನದ ಮಳೆಗೆ ನಮ್ಮ ಮಣ್ಣಿನ ಮಾಳಿಗೆ ಸೋರಿ, ಮಗ್ಗಕ್ಕೆ ನವಿಲು ಸೆರಗಿನ ವಿನ್ಯಾಸ ತಿಳಿಸುವ ತೂತು ಹೊಡೆದ ರಟ್ಟಿನ ಕಾರ್ಡುಗಳೆಲ್ಲ ಮುದ್ದೆಯಾಗಿದ್ದವು. ಇನ್ನೊಂದು ಸೆಟ್ ಮಾಡಿಸಿಟ್ಟಿದ್ದೆವು, ನಿಜ. ಆದರೆ ಗೆದ್ದಲಿಗೆ ಹೆದರಿ ಅದನ್ನು ಅಟ್ಟಕ್ಕೇರಿಸಿದ್ದೆವು, ಈಗ ಸೋರಿದ ಜಾಗದ ನೇರ ಕೆಳಗೇ; ಅದೂ ಹಾಳಾಗಿತ್ತು. ಮಳೆಯನ್ನೇ ಕಾಣದ ಊರಲ್ಲಿ ಮಳೆಗೆ ಯಾರು ಹೆದರುತ್ತಾರೆ? ಮದುವೆ ಮನೆಯೊಂದಕ್ಕೆ ಅದೇ ಸೆರಗಿನ ನಾಲ್ಕು ಸೀರೆ ಒಪ್ಪಿಕೊಂಡಿದ್ದೆವು. ಅವರು ಎದುರಿನ ಎಸ್‌ಟಿಡಿ ಬೂತಿಗೆ ಫೋನ್ ಮಾಡಿ ವಿಚಾರಿಸುತ್ತಲೇ ಇದ್ದರು. ಹೊಸದಾಗಿ ನಕ್ಷೆ ಬರೆಸಿ ಕಾರ್ಡು ಹೊಡೆಸುವಷ್ಟರಲ್ಲಿ ಮದುವೆಯೇ ಮುಗಿದಿರುತ್ತಿತ್ತು.

ಗಂಟು ಬಿಚ್ಚಿದರೆ ಒಳಗೆ ಒಣಗಿದ, ಅಚ್ಚುಕಟ್ಟಾದ ಕಾರ್ಡುಗಳು!

"ಇದು ನಿಮ್ಮ ನವಿಲೇ ಅಕ್ಕ. ಮೂರು ವರ್ಷದ ಹಿಂದೆ ನಿಮ್ಮ ಸೀರೆ ನೋಡಿ ಕದ್ದು ಹೊಡಿಸಿದ್ದೆ. ತಗಳ್ರಿ, ಮಗ್ಗಕ್ಕೆ ಕಟ್ರಿ" ಎಂದ, ತಲೆ ತಗ್ಗಿಸಿಕೊಂಡೇ. ಬೈಯಲೆಂದು ಬಾಯಿ ತೆರೆದಿದ್ದ ನಾನು ಒಳಗೆ ಹೋಗಿ ಅವನಿಗೆ ಟೀ ತಂದುಕೊಟ್ಟೆ.

ನಾಲ್ಕು ಸೀರೆಯೂ ಮದುವೆಗೆ ಮೊದಲೇ ತಲುಪಿದವು. ಅಂದಿನಿಂದ ಹೊಸ ವಿನ್ಯಾಸ ಮಾಡಿಸಿದಾಗಲೆಲ್ಲ ನಮ್ಮ ಎರಡನೇ ಸೆಟ್ ಓಬಳೇಶನ ಮನೆಗೆ ಹೋಗುತ್ತದೆ, ಅವನದು ನಮ್ಮ ಮನೆಗೆ ಬರುತ್ತದೆ. ಕದಿಯುವ ಶ್ರಮ ಇಬ್ಬರಿಗೂ ತಪ್ಪಿದೆ.