ಬೀರಪ್ಪನ ಪಾಲಾದ ಕಹಳೆ

ಐದನೇ ವರ್ಷದಲ್ಲಿ ಜ್ವರ ಬಂದು ನನ್ನ ಕಿವಿ ಹೋದವು. ಕಿವಿಯ ಬುಡದಲ್ಲೇ ನಿಂತು ಯಾರಾದರೂ ಒದರಿದರೆ ಏನೋ ಗುಂಯ್ ಅನ್ನುತ್ತಿತ್ತು, ಅಷ್ಟೇ. ಅವ್ವನ ತುಟಿ ಆಡುವುದು ಕಾಣುತ್ತಿತ್ತು, ದನಿ ಮಾತ್ರ ಮರೆತೇ ಹೋಗಿತ್ತು. ನನಗೆ ಬೇಕಾಗಿದ್ದದ್ದು ಅದೊಂದೇ.

ಕಂಬಳಿ ಮಾರಲು ಸೊಲ್ಲಾಪುರಕ್ಕೆ ಹೋದ ಅಪ್ಪ, ನವಿ ಪೇಠದ ಅಂಗಡಿಯೊಂದರಿಂದ ಹಿತ್ತಾಳೆಯ ಕಹಳೆ ತಂದ. ಸಣ್ಣ ತುದಿಯನ್ನು ಕಿವಿಯಲ್ಲಿಟ್ಟುಕೊಂಡು, ಅಗಲ ಬಾಯಿಯಲ್ಲಿ ಇನ್ನೊಬ್ಬರು ಮಾತಾಡಿದರೆ ನನ್ನಂಥವರಿಗೂ ಕೇಳುತ್ತದಂತೆ.

ನಮ್ಮದು ಅಕ್ಕಲಕೋಟೆ ಹತ್ತಿರದ ಕುರಿ ಸಾಕುವ ಮನೆತನ. ಹೊಸ ಕೊಡ ತಂದರೂ ಮೊದಲು ಮನೆದೇವರು ಬೀರಪ್ಪನ ಮುಂದಿಟ್ಟು ಭಂಡಾರ ಹಚ್ಚಿಯೇ ಬಳಸಬೇಕು. ಗುಡಿಯ ಪೂಜಾರಿಯಾಗಿದ್ದ ದೊಡ್ಡಪ್ಪ ಕಹಳೆಗೂ ಕೈತುಂಬ ಅರಿಶಿನಪುಡಿ ಸುರಿದ. ಅದರಲ್ಲಿ ಅರ್ಧ ನನ್ನ ಕಿವಿಗೇ ಬಿತ್ತು. ಆಮೇಲೆ ಪರೀಕ್ಷೆ. ಗುಡಿಯೊಳಗೆ ಬೇಡಿಕೊಳ್ಳುವುದು ಬಿಟ್ಟು ಬೇರೆ ಮಾತೇ ಬಾರದ ಆ ಮನುಷ್ಯ, "ಬೀರಪ್ಪಾ, ಕಳದ ಟಗರು ಸಿಗಲೆಪ್ಪಾ!" ಎಂದು ಕಹಳೆಯಲ್ಲಿ ಕೂಗಿದ. ನನಗೆ ಸ್ಪಷ್ಟವಾಗಿ ಕೇಳಿತು. ಕುಣಿದಾಡಿದೆ. ಯಾರೂ ನನ್ನತ್ತ ನೋಡಲಿಲ್ಲ. ಆ ಹಾಳು ಟಗರು ಅದೇ ಹೊತ್ತಿಗೆ ತಾನಾಗಿಯೇ ಗುಡಿಯ ಬಾಗಿಲಿಗೆ ಬಂದು ನಿಂತಿತ್ತು.

ಮುಗಿಯಿತು ಕಥೆ. ಕಹಳೆಯಲ್ಲಿ ಹೇಳಿದ್ದು ನನ್ನ ತಲೆಯೊಳಗಿಂದ ಹಾದು ನೇರ ದೇವರಿಗೆ ಮುಟ್ಟುತ್ತದೆ ಎಂದು ದೊಡ್ಡಪ್ಪ ತೀರ್ಮಾನ ಕೊಟ್ಟ. ಮರುದಿನದಿಂದ ಗುಡಿಯ ಕಟ್ಟೆಯ ಮುಂದೆ ಜನರ ಸಾಲು. ಒಬ್ಬನಿಗೆ ತಮ್ಮನ ಬಾವಿ ಬತ್ತಬೇಕು. ತಮ್ಮ ಅವನ ಬೆನ್ನಿಗೇ ನಿಂತಿದ್ದಾನೆ. ಒಬ್ಬ ಮುದುಕಿ ಸೊಸೆಯ ಮೇಲಿನ ದೂರು ಹೇಳತೊಡಗಿದರೆ ನನ್ನ ಬುತ್ತಿಯ ರೊಟ್ಟಿ ಒಣಗಿ ಕಟಿಯಾಗುತ್ತಿತ್ತು. "ಕೇಳಿಸ್ತು, ಮುಂದಿನವರು ಬರ್ರಿ" ಎಂದರೆ, "ನಿನಗಲ್ಲ ಹೇಳಿದ್ದು, ಸುಮ್ಮ ಕೂಡು!" ಎಂದು ಬೈಗುಳ. ಕಿವುಡಿಯೆದುರು ಯಾರಿಗೇನು ನಾಚಿಕೆ?

ಸಾಲು ಕರಗಿದ ಮೇಲೆ ಕಹಳೆ ದೇವರ ಗೂಡಿಗೆ. ಮನೆಗೆ ಒಯ್ದರೆ ಮೈಲಿಗೆಯಂತೆ. ನನಗೆ ಕೇಳುತ್ತದೆಂದು ಅವ್ವನಿಗೆ ಹೇಳಿ ಹೇಳಿ ಸಾಕಾಯಿತು. ಅವಳು ಹಿಂದಿನಿಂದ ಕರೆದು ನೋಡುತ್ತಿದ್ದಳಂತೆ. ಕಹಳೆ ಗುಡಿಯಲ್ಲಿ, ನಾನು ಮನೆಯಲ್ಲಿ, ತಿರುಗುವುದಾದರೂ ಹೇಗೆ? ಮಗು ಆಸೆಗೆ ಸುಳ್ಳು ಹೇಳುತ್ತಿದೆ ಎಂದುಕೊಂಡಳು. ಊರ ಗುಟ್ಟೆಲ್ಲ ಕೇಳಿತು, ಅವ್ವನ ದನಿಯೊಂದು ಇಲ್ಲ. ಸಿಟ್ಟಿಗೆ ಅಳುವೇ ಬರುತ್ತಿತ್ತು.

ಒಂದು ಅಮಾವಾಸ್ಯೆಯ ದಿನ ಸಾಲಿನ ಕೊನೆಯಲ್ಲಿ ಅವ್ವ ನಿಂತಿದ್ದಳು. ಒದ್ದೆ ಸೀರೆ, ತಲೆಯ ಮೇಲೆ ಸೆರಗು. ನನ್ನ ಮುಖ ನೋಡದೆ ಕಣ್ಣು ಮುಚ್ಚಿ ಕಹಳೆಗೆ ಬಾಯಿಟ್ಟಳು.

"ಬೀರಪ್ಪಾ, ನನ್ನ ಮಗಳಿಗಿ ನನ್ನ ಮಾತು ಕೇಳುವಂಗ ಮಾಡಪ್ಪಾ."

ತುಸು ಒಡಕು ದನಿ. ಎಷ್ಟು ಚೆಂದವಿತ್ತು!

"ಕೇಳಾಕತ್ತೈತಿ!" ಎಂದೆ.

ದೇವರೇ ನುಡಿದನೆಂದು ಅವ್ವ ದಡಕ್ಕನೆ ನನ್ನ ಕಾಲಿಗೆ ಬಿದ್ದಳು. ದೊಡ್ಡಪ್ಪ ಭಂಡಾರ ತೂರಿದ. ನನಗೆ ತಲೆ ಕೆಟ್ಟಿತು. ಅವಳ ಭುಜ ಹಿಡಿದು ಎಬ್ಬಿಸಿ, "ದೇವರಲ್ಲವ್ವಾ, ನಾನು! ನಾನು!" ಎಂದು ಒದರಿದೆ.

ಅವ್ವ ಅರಿಶಿನ ಮೆತ್ತಿದ ನನ್ನ ಮುಖವನ್ನೇ ನೋಡಿದಳು. ದೊಡ್ಡಪ್ಪ ಬೇಡ ಬೇಡವೆಂದು ಕೈಯಾಡಿಸುತ್ತಿದ್ದ. ಅವಳು ಅತ್ತ ತಿರುಗಲೂ ಇಲ್ಲ. ಮತ್ತೆ ಕಹಳೆಗೆ ಬಾಯಿಟ್ಟು, ಈ ಸಲ ಕಣ್ಣು ತೆರೆದುಕೊಂಡೇ ಕೇಳಿದಳು:

"ಹಸಿವಾಗೇತೇನ, ನನ್ನವ್ವಾ?"